ಲೋಕಸಭೆಯ ದಿನಚರಿ

ಸಭೆ ಎಂಬುದು ನಮ್ಮ ನಾಡಿಗೆ ಹೊಸ ಮಾತಲ್ಲ. ಊರ ಚಾವಡಿಯ ಕಟ್ಟೆಯ ಮೇಲೆ ಹತ್ತು ಮಂದಿ ಹಿರಿಯರು ಕುಳಿತು ಕೆರೆಯ ನೀರು, ಜಾತ್ರೆಯ ಖರ್ಚು, ಹೊಲದ ಬದುವಿನ ವ್ಯಾಜ್ಯ ಇವುಗಳನ್ನು ಮಾತಾಡಿ ಮುಗಿಸುವಾಗಲೂ ಅಲ್ಲಿ ಒಂದು ಕ್ರಮವಿರುತ್ತದೆ. ಮೊದಲು ದೂರು ತಂದವನು ಹೇಳಬೇಕು, ಆಮೇಲೆ ಎದುರುಗಾರ, ನಡುವೆ ಬಾಯಿ ಹಾಕಿದವನನ್ನು ಹಿರಿಯರು ಸುಮ್ಮನಿರಿಸುತ್ತಾರೆ. ಹತ್ತು ಜನರ ಸಭೆಗೇ ಇಷ್ಟು ಕಟ್ಟುಪಾಡು ಬೇಕಾದರೆ, ದೇಶದ ಸಮಸ್ತ ಜನರ ಪರವಾಗಿ ೫೪೩ ಮಂದಿ ಕೂಡುವ ಲೋಕಸಭೆಗೆ ಎಷ್ಟು ಬೇಡ?

ಆದರೆ ನಮ್ಮಲ್ಲಿ ಬಹುಮಂದಿಗೆ ಲೋಕಸಭೆಯೆಂದರೆ ಒಂದು ದೊಡ್ಡ ಗದ್ದಲದ ಚಿತ್ರ ಮಾತ್ರ ಕಣ್ಣ ಮುಂದೆ ಬರುತ್ತದೆ. ದೂರದರ್ಶನದ ತೆರೆಯ ಮೇಲೆ ಕಾಣುವುದು ಅದೇ, ಮರುದಿನದ ಪತ್ರಿಕೆಯಲ್ಲಿ ಅಚ್ಚಾಗುವುದೂ ಅದೇ. ಗದ್ದಲ ಸುಳ್ಳಲ್ಲ, ಆದರೆ ಅದು ಆ ಸಭೆಯ ಕೆಲಸವಲ್ಲ. ಕೆಲಸ ನಡೆಯುವುದು ಗಡಿಯಾರದ ಮುಳ್ಳನ್ನೂ ಮುಂಚಿತವಾಗಿ ಕೊಟ್ಟ ಲಿಖಿತ ಸೂಚನೆಗಳನ್ನೂ ಅನುಸರಿಸಿ. ಶಾಲೆಯ ವೇಳಾಪತ್ರಿಕೆಯಲ್ಲಿ ಗಣಿತಕ್ಕೊಂದು ಗಂಟೆ, ಕನ್ನಡಕ್ಕೊಂದು ಗಂಟೆ ಇರುವಂತೆ ಅಲ್ಲಿಯೂ ಒಂದೊಂದು ಬಗೆಯ ಮಾತಿಗೆ ಒಂದೊಂದು ವೇಳೆ ಗೊತ್ತಾಗಿದೆ. ಯಾವ ಮಾತಿಗೆ ಯಾವ ವೇಳೆ ಎಂಬುದನ್ನು ತಿಳಿದವನ ಅಹವಾಲು ಒಳಗೆ ಹೋಗುತ್ತದೆ. ತಿಳಿಯದವನದು ಬಾಗಿಲಲ್ಲಿಯೇ ನಿಲ್ಲುತ್ತದೆ. ದಿಲ್ಲಿಯಿಂದ ಬಹುದೂರದಲ್ಲಿರುವ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ನಮಗೆ ಈ ತಿಳಿವಳಿಕೆ ಬರಿಯ ಪರೀಕ್ಷೆಯ ಪಾಠವಲ್ಲ. ಉಪಯೋಗಕ್ಕೆ ಬರುವ ಸಾಧನ.

ಈ ಸೀಮೆಗೂ ಲೋಕಸಭೆಗೂ ಇರುವ ನಂಟು ಲೋಕಸಭೆಯಷ್ಟೇ ಹಳೆಯದು. ೧೯೫೨ರ ಮೊದಲನೆಯ ಸಾರ್ವತ್ರಿಕ ಚುನಾವಣೆಯಲ್ಲಿ, ಅಂದಿನ ಹೈದರಾಬಾದು ರಾಜ್ಯಕ್ಕೆ ಸೇರಿದ್ದ ಕುಷ್ಟಗಿ ಕ್ಷೇತ್ರದಿಂದ ಅಳವಂಡಿಯ ಶಿವಮೂರ್ತಿಸ್ವಾಮಿಗಳು ಪಕ್ಷೇತರರಾಗಿ ಆರಿಸಿಹೋದರು. ಆ ವರ್ಷದ ಮೇ ೧೩ರಂದು ಲೋಕಸಭೆ ಮೊದಲ ಸಲ ಸೇರಿತು. ೧೯೫೭ರ ಹೊತ್ತಿಗೆ ಕೊಪ್ಪಳವೇ ಕ್ಷೇತ್ರವಾಗಿ, ಸಂಗಪ್ಪ ಅಗಡಿಯವರು ಪ್ರತಿನಿಧಿಯಾದರು. ೧೯೬೨ರಲ್ಲಿ ಮತ್ತೆ ಶಿವಮೂರ್ತಿಸ್ವಾಮಿಗಳು. ಇಂದಿನ ಕೊಪ್ಪಳ ಕ್ಷೇತ್ರದಲ್ಲಿ ನಮ್ಮ ಜಿಲ್ಲೆಯ ಕೊಪ್ಪಳ, ಗಂಗಾವತಿ, ಕನಕಗಿರಿ, ಕುಷ್ಟಗಿ, ಯಲಬುರ್ಗಾ ಎಂಬ ೫ ವಿಧಾನಸಭಾ ಕ್ಷೇತ್ರಗಳೊಡನೆ ರಾಯಚೂರು ಜಿಲ್ಲೆಯ ಸಿಂಧನೂರು ಮತ್ತು ಮಸ್ಕಿ, ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಕೂಡಿವೆ. ಈ ೮ ಕ್ಷೇತ್ರಗಳ ಜನರಿಗೆಲ್ಲ ಲೋಕಸಭೆಯಲ್ಲಿ ಇರುವ ಬಾಯಿ ಒಂದೇ. ೫೪೩ ಬಾಯಿಗಳ ನಡುವೆ ಆ ಒಂದು ಬಾಯಿಗೆ ಮಾತಿನ ಸರದಿ ಬರುವುದು ಹೇಗೆ ಎಂಬುದನ್ನು ನೋಡೋಣ.

ಮೊದಲು ತಿಳಿಯಬೇಕಾದುದು, ಲೋಕಸಭೆ ವರ್ಷವಿಡೀ ಕೂಡಿರುವುದಿಲ್ಲ ಎಂಬುದು. ರಾಷ್ಟ್ರಪತಿಗಳು ಕರೆದಾಗ ಅದು ಸೇರುತ್ತದೆ. ಒಂದು ಅಧಿವೇಶನದ ಕೊನೆಯ ದಿನಕ್ಕೂ ಮುಂದಿನ ಅಧಿವೇಶನದ ಮೊದಲ ದಿನಕ್ಕೂ ನಡುವೆ ೬ ತಿಂಗಳು ಮೀರಬಾರದೆಂದು ಸಂವಿಧಾನದ ವಿಧಿ. ವಾಡಿಕೆಯಲ್ಲಿ ವರ್ಷಕ್ಕೆ ಮೂರು ಅಧಿವೇಶನ: ಚಳಿ ಇಳಿಯುವ ಹೊತ್ತಿಗೆ ಆರಂಭವಾಗುವ ಮುಂಗಡಪತ್ರದ ಅಧಿವೇಶನ, ಮುಂಗಾರಿನದು ಒಂದು, ಚಳಿಗಾಲದ್ದು ಒಂದು. ೨೦೨೩ರ ಸೆಪ್ಟೆಂಬರ್ ೧೯ರಿಂದ ಸಭೆ ಹೊಸ ಕಟ್ಟಡದಲ್ಲಿ ಕೂಡುತ್ತಿದೆ. ಹಳೆಯ ವರ್ತುಲಾಕಾರದ ಭವನಕ್ಕೆ ಈಗ ಸಂವಿಧಾನ ಸದನವೆಂದು ಹೆಸರು.

ಬೆಳಗಿನ ೧೧ ಗಂಟೆಗೆ ಸಭಾಧ್ಯಕ್ಷರು, ಅಂದರೆ ರೂಢಿಯ ಮಾತಿನ ಸ್ಪೀಕರರು, ಪೀಠವೇರುತ್ತಾರೆ. ಸದಸ್ಯರೆಲ್ಲರೂ ಎದ್ದು ನಿಲ್ಲುತ್ತಾರೆ. ಸದಸ್ಯರು ಮಾತನಾಡುವಾಗ ಮುಖ ಮಾಡಬೇಕಾದುದು ಈ ಪೀಠದ ಕಡೆಗೆ; ಎದುರು ಪಕ್ಷದವರನ್ನು ನೇರವಾಗಿ ಸಂಬೋಧಿಸುವಂತಿಲ್ಲ. ಸಿಟ್ಟಿನ ಮಾತು ಮೂರನೆಯವರ ಮೂಲಕ ಹೋದರೆ ಅರ್ಧ ತಣ್ಣಗಾಗುತ್ತದೆಂಬುದನ್ನು ಬಲ್ಲವರು ಮಾಡಿದ ನಿಯಮವಿದು. ಸಭಾಧ್ಯಕ್ಷರು ಸಾಮಾನ್ಯವಾಗಿ ಮತ ಹಾಕುವುದಿಲ್ಲ. ಎರಡು ಕಡೆಗೂ ಮತಗಳು ಸಮಸಮವಾದಾಗ ಮಾತ್ರ ಅವರ ಮತ ನಿರ್ಣಾಯಕ. ಕನ್ನಡಿಗರಾದ ಕೆ.ಎಸ್. ಹೆಗ್ಡೆಯವರು ೧೯೭೭ರಿಂದ ೧೯೮೦ರವರೆಗೆ ಈ ಪೀಠದಲ್ಲಿದ್ದರು. ಸಭೆ ನಡೆಯಬೇಕಾದರೆ ಒಟ್ಟು ಸದಸ್ಯರಲ್ಲಿ ಹತ್ತರಲ್ಲೊಂದು ಪಾಲು, ಅಂದರೆ ೫೫ ಮಂದಿಯಾದರೂ ಒಳಗಿರಬೇಕು. ಇದಕ್ಕೆ ಕೋರಂ ಎನ್ನುತ್ತಾರೆ. ಅಷ್ಟು ಜನರಿಲ್ಲವೆಂದು ಯಾರಾದರೂ ತೋರಿಸಿಕೊಟ್ಟರೆ ಗಂಟೆ ಬಾರಿಸುತ್ತಾರೆ. ಆಮೇಲೂ ಜನ ಸೇರದಿದ್ದರೆ ಸಭೆಯನ್ನು ಮುಂದಕ್ಕೆ ಹಾಕಬೇಕಾಗುತ್ತದೆ.

ದಿನದ ಮೊದಲ ಗಂಟೆ ಪ್ರಶ್ನೆಗಳದು. ರಾಜ್ಯಸಭೆಯಲ್ಲಿ ಈ ಕಲಾಪ ಈಗ ಮಧ್ಯಾಹ್ನ ೧೨ಕ್ಕೆ ನಡೆಯುತ್ತದೆ. ಲೋಕಸಭೆಯಲ್ಲಿ ಇಂದಿಗೂ ೧೧ಕ್ಕೇ. ಇಡೀ ದಿನದಲ್ಲಿ ಸಾಮಾನ್ಯ ಸದಸ್ಯನ ಕೈ ಮೇಲಾಗುವ ಹೊತ್ತು ಇದೊಂದೇ ಎಂದರೂ ತಪ್ಪಿಲ್ಲ. ಆಳುವ ಪಕ್ಷದವನಿರಲಿ, ವಿರೋಧ ಪಕ್ಷದವನಿರಲಿ, ಪಕ್ಷೇತರನಿರಲಿ, ಕೇಳಿದ ಪ್ರಶ್ನೆಗೆ ಮಂತ್ರಿಗಳು ಎದ್ದು ನಿಂತು ಉತ್ತರ ಕೊಡಲೇಬೇಕು.

ಪ್ರಶ್ನೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ತಲೆಯ ಮೇಲೆ ಚುಕ್ಕೆ ಗುರುತು ಹೊತ್ತ ಪ್ರಶ್ನೆಗೆ ಬಾಯಿಮಾತಿನ ಉತ್ತರ; ಚುಕ್ಕೆಯಿಲ್ಲದ ಪ್ರಶ್ನೆಗೆ ಬರಹದ ಉತ್ತರ. ಒಂದು ದಿನಕ್ಕೆ ಚುಕ್ಕೆಯ ಪ್ರಶ್ನೆಗಳು ೨೦, ಚುಕ್ಕೆಯಿಲ್ಲದವು ೨೩೦. ಕೇಳುವವರು ಬಹಳ ಮಂದಿಯಾದುದರಿಂದ ಚೀಟಿ ಎತ್ತಿ ಸರದಿಯನ್ನು ಗೊತ್ತುಮಾಡುತ್ತಾರೆ. ಒಬ್ಬ ಸದಸ್ಯನ ಹೆಸರಿನಲ್ಲಿ ಒಂದು ದಿನಕ್ಕೆ ಚುಕ್ಕೆಯ ಪ್ರಶ್ನೆ ಒಂದಕ್ಕಿಂತ ಹೆಚ್ಚು ಬರುವಂತಿಲ್ಲ. ಸರಕಾರದ ಖಾತೆಗಳನ್ನೆಲ್ಲ ೫ ಗುಂಪು ಮಾಡಿ ಸೋಮವಾರದಿಂದ ಶುಕ್ರವಾರದವರೆಗೆ ಹಂಚಿದ್ದಾರೆ. ಆದುದರಿಂದ ರೈಲಿನ ಪ್ರಶ್ನೆಯನ್ನು ರೈಲ್ವೆ ಖಾತೆಯ ದಿನವೇ ಕೇಳಬೇಕು. ಎಲ್ಲಕ್ಕಿಂತ ಮುಖ್ಯವಾದ ಮಾತೆಂದರೆ, ಪ್ರಶ್ನೆಗೆ ೧೫ ದಿನ ಮುಂಚೆಯೇ ಸೂಚನೆ ಕೊಡಬೇಕು. ಈ ೧೫ ದಿನಗಳಲ್ಲಿ ಆಯಾ ಖಾತೆಯ ಅಧಿಕಾರಿಗಳು ಕಡತ ತೆಗೆದು, ಅಂಕಿ ಅಂಶಗಳನ್ನು ಕೂಡಿಸಿ, ಮಂತ್ರಿಗಳಿಗೆ ಉತ್ತರವನ್ನು ಸಿದ್ಧಮಾಡಿ ಕೊಡುತ್ತಾರೆ.

ಪ್ರಶ್ನೆಗೆ ಇನ್ನೊಂದು ಕಟ್ಟುಪಾಡೂ ಉಂಟು. ಅದು ಕೇಂದ್ರ ಸರಕಾರದ ಹೊಣೆಗೆ ಸೇರಿದ ವಿಷಯವಾಗಿರಬೇಕು. ನಮ್ಮ ಜನ ಬಹುಸಲ ಎಡವುವುದು ಇಲ್ಲಿ. ಗಂಗಾವತಿಯ ಭತ್ತದ ಗದ್ದೆಗಳಿಗೆ ನೀರುಣಿಸುವ ತುಂಗಭದ್ರಾ ಎಡದಂಡೆ ಕಾಲುವೆಯನ್ನೇ ನೋಡಿ. ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟಲಿಲ್ಲ ಎಂಬುದು ರಾಜ್ಯದ ನೀರಾವರಿ ಇಲಾಖೆಗೆ ಸೇರಿದ ಮಾತು. ಅದನ್ನು ಕೇಳಬೇಕಾದವರು ನಮ್ಮ ಶಾಸಕರು, ಕೇಳಬೇಕಾದ ಸ್ಥಳ ಬೆಂಗಳೂರು ಇಲ್ಲವೆ ಬೆಳಗಾವಿ. ಆದರೆ ಅಣೆಕಟ್ಟನ್ನು ನೋಡಿಕೊಳ್ಳಲು ೧೯೫೩ರ ಆಂಧ್ರ ರಾಜ್ಯ ಕಾಯಿದೆಯ ಮೇರೆಗೆ ತುಂಗಭದ್ರಾ ಮಂಡಳಿಯೊಂದು ಹುಟ್ಟಿತು. ಅದರ ಅಧ್ಯಕ್ಷರನ್ನು ನೇಮಿಸುವುದು ಕೇಂದ್ರ ಸರಕಾರ. ಆದುದರಿಂದ ಮಂಡಳಿಯ ವಿಷಯದ ಪ್ರಶ್ನೆ ದಿಲ್ಲಿಗೆ, ಜಲಶಕ್ತಿ ಖಾತೆಗೆ ಹೋಗಬೇಕು. ಹಾಗೆಯೇ ಊರ ಪ್ರಾಥಮಿಕ ಶಾಲೆಯ ಕೊಠಡಿ ರಾಜ್ಯದ್ದು. ಇಟಗಿಯ ಮಹಾದೇವ ದೇವಾಲಯದ ರಕ್ಷಣೆಯೂ ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿರುವ ಅಶೋಕನ ಶಾಸನಗಳ ರಕ್ಷಣೆಯೂ ಕೇಂದ್ರದ ಪುರಾತತ್ವ ಇಲಾಖೆಯದು. ಒಂದೇ ಊರಿನ ಎರಡು ಅಹವಾಲುಗಳು ಎರಡು ರಾಜಧಾನಿಗಳ ದಾರಿ ಹಿಡಿಯುವುದುಂಟು.

ಇನ್ನು ಚುಕ್ಕೆಯ ಪ್ರಶ್ನೆಯ ಸ್ವಾರಸ್ಯ ಪ್ರಶ್ನೆಯಲ್ಲಿಲ್ಲ. ಅದರ ಬೆನ್ನಿಗೆ ಬರುವ ಉಪಪ್ರಶ್ನೆಯಲ್ಲಿದೆ. ಅಣೆಕಟ್ಟುಗಳ ಗೇಟುಗಳನ್ನು ತಪಾಸಣೆ ಮಾಡಲಾಗಿದೆಯೆ ಎಂದು ಒಬ್ಬ ಸದಸ್ಯರು ಕೇಳಿದರೆಂದಿಟ್ಟುಕೊಳ್ಳೋಣ. ಮಾಡಲಾಗಿದೆ ಎಂದು ಅಚ್ಚಾದ ಉತ್ತರ ಬರುತ್ತದೆ. ಆಗ ಸದಸ್ಯರು ಎದ್ದು, ಯಾವ ತಿಂಗಳಲ್ಲಿ ಮಾಡಿದಿರಿ, ವರದಿಯಲ್ಲಿ ಏನಿತ್ತು, ಅದರ ಮೇಲೆ ಏನು ಕ್ರಮ ಕೈಗೊಂಡಿರಿ ಎಂದು ಕೇಳಬಹುದು. ಇದಕ್ಕೆ ಸಿದ್ಧವಾದ ಉತ್ತರವಿರುವುದಿಲ್ಲ. ಮಂತ್ರಿಗಳು ತಮ್ಮ ಖಾತೆಯನ್ನು ಎಷ್ಟು ಬಲ್ಲರೆಂಬುದು ಆ ನಿಮಿಷದಲ್ಲಿ ಬಯಲಾಗುತ್ತದೆ. ಬಾಯಿಪಾಠ ಒಪ್ಪಿಸಿದ ಹುಡುಗನನ್ನು ನಡುವಿನ ಒಂದು ಪದದ ಅರ್ಥ ಕೇಳಿದರೆ ಅವನು ಕಲಿತದ್ದೆಷ್ಟು ಎಂಬುದು ತಿಳಿಯುವಂತೆ.

೧೨ ಗಂಟೆಯೊಳಗೆ ೨೦ ಪ್ರಶ್ನೆಗಳೂ ಮುಗಿಯುವುದು ಬಲು ಅಪೂರ್ವ. ಉಳಿದವುಗಳ ಉತ್ತರವನ್ನು ಬರಹದಲ್ಲಿ ಸಭೆಯ ಮುಂದಿಡುತ್ತಾರೆ. ಗದ್ದಲದಿಂದ ಆ ಇಡೀ ಗಂಟೆಯೇ ಹಾಳಾದ ದಿನವೂ ಬರಹದ ಉತ್ತರಗಳು ಬಂದೇ ಬರುತ್ತವೆ. ಹಾಗಾದರೆ ನಷ್ಟವೇನು ಎಂದು ಕೇಳಬಹುದು. ನಷ್ಟವಾಗುವುದು ಉಪಪ್ರಶ್ನೆ. ೨೦೨೦ರ ಸೆಪ್ಟೆಂಬರಿನಲ್ಲಿ ಕೊರೋನಾ ಪಿಡುಗಿನ ಕಾರಣದಿಂದ ಪ್ರಶ್ನೋತ್ತರದ ವೇಳೆಯನ್ನೇ ಕೈಬಿಟ್ಟು ಅಧಿವೇಶನ ನಡೆಸಿದರು. ಬರಹದ ಉತ್ತರಗಳು ಆಗಲೂ ದೊರೆತವು. ಎದ್ದು ನಿಂತು ತಿರುಗಿ ಕೇಳುವ ಹಕ್ಕು ದೊರೆಯಲಿಲ್ಲ.

ವೇಳೆಯ ಬೆಲೆಯೇನೆಂಬುದಕ್ಕೆ ನಮ್ಮ ಸೀಮೆಯದೇ ಒಂದು ನಿದರ್ಶನವುಂಟು. ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ೧೯ನೆಯ ಗೇಟಿನ ಸರಪಳಿ ತುಂಡಾಗಿ, ಗೇಟು ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದ ನೀರು ಹೊಳೆಗೆ ಹರಿಯತೊಡಗಿತು. ಗಂಗಾವತಿ, ಕಾರಟಗಿ, ಸಿಂಧನೂರಿನ ರೈತರು ಬೆಳೆಯ ಗತಿಯೇನೆಂದು ಎದೆ ಹಿಡಿದುಕೊಂಡು ಕುಳಿತರು. ಆದರೆ ಲೋಕಸಭೆಯ ಅಂದಿನ ಅಧಿವೇಶನ ಹಿಂದಿನ ದಿನ, ಅಂದರೆ ಆಗಸ್ಟ್ ೯ರಂದೇ ಮುಗಿದುಹೋಗಿತ್ತು. ಮುಂದಿನ ಅಧಿವೇಶನ ಆರಂಭವಾದುದು ನವೆಂಬರ್ ೨೫ರಂದು. ಮೂರೂವರೆ ತಿಂಗಳ ಕಾಲ ಸದನದೊಳಗೆ ಈ ಮಾತೆತ್ತಲು ಸ್ಥಳವಿರಲಿಲ್ಲ. ಇಂಥ ಸಮಯದಲ್ಲಿ ಸದಸ್ಯರು ಮಂತ್ರಿಗಳಿಗೆ ಕಾಗದ ಬರೆಯಬಹುದು, ಖುದ್ದಾಗಿ ಕಾಣಬಹುದು. ಅಧಿವೇಶನವಿಲ್ಲದಾಗಲೂ ಕೂಡುವ ಸ್ಥಾಯೀ ಸಮಿತಿಗಳಲ್ಲಿ ಕೇಳಬಹುದು. ಆದರೆ ದೇಶವೆಲ್ಲ ಕೇಳುವಂತೆ ಕೇಳುವುದಕ್ಕೆ ಸದನ ಕೂಡಿಯೇ ಇರಬೇಕು. ಕೂಡಿದ ಸದನದ ಒಂದು ಗಂಟೆ ವ್ಯರ್ಥವಾದಾಗ ಏನು ಹೋಯಿತೆಂಬುದನ್ನು ಇದರಿಂದ ಅಂದಾಜು ಮಾಡಬಹುದು.

ಪ್ರಶ್ನೆಗಳು ಮುಗಿದ ಮೇಲೆ ಮಂತ್ರಿಗಳು ವರದಿಗಳನ್ನೂ ಅಧಿಸೂಚನೆಗಳನ್ನೂ ಸಭೆಯ ಮುಂದಿಡುತ್ತಾರೆ. ನೋಡುವವರಿಗೆ ಇದು ನೀರಸ. ಆದರೆ ಹಾಗೆ ಮುಂದಿಟ್ಟ ಕಾಗದವೇ ನಾಳೆಯ ಪ್ರಶ್ನೆಗೆ ಬೀಜವಾಗುತ್ತದೆ. ಅನಂತರ ಬರುವುದು ಶೂನ್ಯವೇಳೆ. ಈ ಹೆಸರು ನಿಯಮಗಳ ಪುಸ್ತಕದಲ್ಲಿಲ್ಲ. ೧೯೬೦ರ ದಶಕದಿಂದ ರೂಢಿಯಾಗಿ ಬೆಳೆದುಬಂದದ್ದು. ತುರ್ತಾದ ಸಾರ್ವಜನಿಕ ವಿಷಯವನ್ನು ಸದಸ್ಯರು ಎರಡು ಮೂರು ನಿಮಿಷಗಳಲ್ಲಿ ಹೇಳಿ ಮುಗಿಸಬೇಕು. ಇದಕ್ಕೂ ಮುಂಚಿತವಾಗಿ ಸೂಚನೆ ಬೇಕು, ಇದಕ್ಕೂ ಚೀಟಿ ಎತ್ತುವುದುಂಟು. ಆದರೆ ೧೫ ದಿನ ಕಾಯಬೇಕಾಗಿಲ್ಲ. ನಿನ್ನೆ ಬಿದ್ದ ಆಲಿಕಲ್ಲಿನ ಮಾತನ್ನು ಇಂದೇ ಎತ್ತಬಹುದು. ಕೊರತೆಯೇನೆಂದರೆ, ಮಂತ್ರಿಗಳು ಆ ಕ್ಷಣ ಉತ್ತರ ಹೇಳಲೇಬೇಕೆಂಬ ಕಟ್ಟಳೆಯಿಲ್ಲ.

ಇದರ ಜತೆಗೆ ೩೭೭ನೆಯ ನಿಯಮವೆಂಬುದೊಂದಿದೆ. ಸ್ಥಳೀಯ ಬೇಡಿಕೆಗಳಿಗೆ ಇದು ಹೇಳಿಮಾಡಿಸಿದ ಬಾಗಿಲು. ಸದಸ್ಯರು ೨೫೦ ಪದಗಳನ್ನು ಮೀರದಂತೆ ವಿಷಯವನ್ನು ಬರೆದುಕೊಟ್ಟು, ಒಪ್ಪಿಗೆ ದೊರೆತರೆ ಅದನ್ನು ಓದುತ್ತಾರೆ. ಸಂಬಂಧಪಟ್ಟ ಖಾತೆಯಿಂದ ಆಮೇಲೆ ಬರಹದಲ್ಲಿ ಉತ್ತರ ಬರುತ್ತದೆ. ಕಿನ್ನಾಳದ ಬಣ್ಣದ ಗೊಂಬೆಗಳ ಕುಶಲಕರ್ಮಿಗಳಿಗೆ ನೆರವು ಬೇಕೆಂಬಂಥ, ಭಾಗ್ಯನಗರದ ನೇಕಾರರ ಕಷ್ಟದಂಥ ಮಾತುಗಳಿಗೆ ಇದು ತಕ್ಕ ವೇಳೆ. ಇದಕ್ಕಿಂತ ಭಾರವಾದ ಸಂಗತಿಯಾದರೆ ಗಮನ ಸೆಳೆಯುವ ಸೂಚನೆ ಇದೆ. ಇದರಲ್ಲಿ ಮಂತ್ರಿಗಳು ಹೇಳಿಕೆ ಕೊಡಬೇಕು, ಸೂಚನೆ ಕೊಟ್ಟ ಸದಸ್ಯರು ವಿವರಣೆ ಕೇಳಬಹುದು. ಇನ್ನೂ ಗುರುತರವಾದುದಾದರೆ ನಿಲುವಳಿ ಸೂಚನೆ. ಎಲ್ಲ ಕೆಲಸವನ್ನೂ ನಿಲ್ಲಿಸಿ ಇದನ್ನೊಂದೇ ಚರ್ಚಿಸಿರೆಂದು ಕೇಳುವುದರಿಂದ ಅದಕ್ಕೆ ಆ ಹೆಸರು. ೫೦ ಮಂದಿ ಸದಸ್ಯರು ಎದ್ದು ನಿಂತು ಬೆಂಬಲಿಸಿದರಲ್ಲದೆ ಅದು ಚರ್ಚೆಗೆ ಬಾರದು. ಹೀಗೆ ಮಾತಿನ ಭಾರ ಹೆಚ್ಚಿದಂತೆಲ್ಲ ಬಾಗಿಲಿನ ಹೊಸ್ತಿಲೂ ಎತ್ತರವಾಗುತ್ತ ಹೋಗುತ್ತದೆ.

ಮಧ್ಯಾಹ್ನದ ಊಟದ ಬಿಡುವಿನ ಅನಂತರ ಶಾಸನದ ಕೆಲಸ. ಮಸೂದೆಯೊಂದು ಕಾಯಿದೆಯಾಗಬೇಕಾದರೆ ಪ್ರತಿಯೊಂದು ಸದನದಲ್ಲಿಯೂ ಮೂರು ವಾಚನಗಳನ್ನು ದಾಟಬೇಕು. ಮೊದಲನೆಯದು ಮಂಡನೆ. ಎರಡನೆಯದರಲ್ಲಿ ಮಸೂದೆಯ ಮೂಲತತ್ತ್ವದ ಚರ್ಚೆಯೂ ಆಮೇಲೆ ಒಂದೊಂದೇ ವಿಧಿಯ ಪರಿಶೀಲನೆಯೂ ನಡೆಯುತ್ತವೆ. ತಿದ್ದುಪಡಿಗಳು ಬರುವುದು ಇಲ್ಲಿಯೇ. ಮೂರನೆಯದರಲ್ಲಿ ಇಡೀ ಮಸೂದೆಗೆ ಒಪ್ಪಿಗೆ. ಎರಡು ಸದನಗಳೂ ಒಪ್ಪಿದ ಮೇಲೆ ರಾಷ್ಟ್ರಪತಿಗಳ ಅಂಕಿತ. ಮತ ತೆಗೆದುಕೊಳ್ಳುವಾಗ ಮೊದಲು ಧ್ವನಿಮತ: ಒಪ್ಪುವವರು ಹೌದು ಎನ್ನಬೇಕು, ಒಪ್ಪದವರು ಇಲ್ಲ ಎನ್ನಬೇಕು. ಯಾವ ಕೂಗು ಹೆಚ್ಚೆಂದು ಸಭಾಧ್ಯಕ್ಷರು ಹೇಳಿದ್ದನ್ನು ಯಾರಾದರೂ ಒಪ್ಪದಿದ್ದರೆ ಮತ ವಿಭಜನೆ. ಆಗ ಒಬ್ಬೊಬ್ಬರ ಮತವೂ ಎಣಿಕೆಗೆ ಬಂದು, ಯಾರು ಯಾವ ಕಡೆಗೆ ಎಂಬುದು ದಾಖಲೆಯಾಗುತ್ತದೆ.

ಈ ಮೂರು ವಾಚನಗಳು ನಮಗೆ ಪರಕೀಯ ಸಂಗತಿಗಳಲ್ಲ. ನಮ್ಮ ಸೀಮೆಯ ಬದುಕನ್ನು ಮಸೂದೆಗಳು ಎರಡು ಸಲ ಬೇರೆ ಮಾಡಿವೆ. ಮೊದಲನೆಯದು ರಾಜ್ಯಗಳ ಪುನರ್ವಿಂಗಡಣೆಯದು. ಫಜಲ್ ಅಲಿಯವರ ಆಯೋಗ ೧೯೫೫ರ ಸೆಪ್ಟೆಂಬರಿನಲ್ಲಿ ವರದಿ ಕೊಟ್ಟಿತು. ಮಸೂದೆ ೧೯೫೬ರಲ್ಲಿ ಲೋಕಸಭೆಗೆ ಬಂದು, ಎರಡು ಸದನಗಳ ಜಂಟಿ ಸಮಿತಿಯ ಪರಿಶೀಲನೆಗೆ ಹೋಗಿ, ಮರಳಿ ಬಂದು, ಒಪ್ಪಿಗೆ ಪಡೆದು, ಆಗಸ್ಟ್ ೩೧ರಂದು ಅಂಕಿತವಾಯಿತು. ನವೆಂಬರ್ ೧ರಂದು, ಆಗ ರಾಯಚೂರು ಜಿಲ್ಲೆಯೊಳಗಿದ್ದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳು ಹೈದರಾಬಾದನ್ನು ಬಿಟ್ಟು ಕನ್ನಡ ನಾಡಿನೊಳಗೆ ಬಂದವು. ರಾಜ್ಯಗಳ ಎಲ್ಲೆಯನ್ನು ಬದಲಿಸುವ ಇಂಥ ಮಸೂದೆಗೆ ರಾಷ್ಟ್ರಪತಿಗಳ ಶಿಫಾರಸು ಬೇಕು, ಆಯಾ ರಾಜ್ಯದ ಶಾಸನಸಭೆಯ ಅಭಿಪ್ರಾಯ ಕೇಳಬೇಕು; ಆದರೆ ಸದನದಲ್ಲಿ ಸಾಮಾನ್ಯ ಬಹುಮತ ಸಾಕು.

ಎರಡನೆಯದು ಸಂವಿಧಾನದ ೩೭೧-ಜೆ ವಿಧಿ. ಹಿಂದುಳಿದ ಹೈದರಾಬಾದು ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಬೇಕೆಂಬುದು ಈ ಸೀಮೆಯ ಬಹುಕಾಲದ ಬೇಡಿಕೆ. ೨೦೧೨ರ ಸೆಪ್ಟೆಂಬರಿನಲ್ಲಿ ಮಸೂದೆ ಲೋಕಸಭೆಯಲ್ಲಿ ಮಂಡನೆಯಾಯಿತು. ಗೃಹಖಾತೆಯ ಸ್ಥಾಯೀ ಸಮಿತಿ ಅದನ್ನು ಪರಿಶೀಲಿಸಿತು. ಡಿಸೆಂಬರಿನಲ್ಲಿ ಎರಡು ಸದನಗಳೂ ಒಪ್ಪಿದವು. ೨೦೧೩ರ ಜನವರಿ ೧ರಂದು ರಾಷ್ಟ್ರಪತಿಗಳ ಅಂಕಿತವಾಗಿ, ಅದೇ ವರ್ಷದ ಅಕ್ಟೋಬರ್ ೧ರಿಂದ ಜಾರಿಗೆ ಬಂದಿತು. ಸಂವಿಧಾನದ ತಿದ್ದುಪಡಿಯಾದುದರಿಂದ ಇದಕ್ಕೆ ಸಾಮಾನ್ಯ ಬಹುಮತ ಸಾಲದು. ಸದನದ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಪ್ಪಬೇಕು, ಜತೆಗೆ ಹಾಜರಿದ್ದು ಮತ ಹಾಕಿದವರಲ್ಲಿ ಮೂರರಲ್ಲಿ ಎರಡು ಪಾಲಿನ ಒಪ್ಪಿಗೆಯೂ ಬೇಕು. ಇಲ್ಲಿ ಧ್ವನಿಮತ ನಡೆಯದು; ತಲೆಯೆಣಿಕೆಯೇ ಆಗಬೇಕು. ಪ್ರದೇಶಾಭಿವೃದ್ಧಿಗೆ ಪ್ರತ್ಯೇಕ ಮಂಡಳಿ, ಹಣದ ನ್ಯಾಯವಾದ ಹಂಚಿಕೆ, ಓದಿನಲ್ಲಿಯೂ ನೌಕರಿಯಲ್ಲಿಯೂ ಸ್ಥಳೀಯರಿಗೆ ಮೀಸಲಾತಿ, ಇವು ಅದರ ಸಾರ. ಇಂದು ನಮ್ಮ ಹುಡುಗ ಹುಡುಗಿಯರು ಕಾಲೇಜಿನ ಸೀಟಿಗಾಗಿ ಅರ್ಜಿ ಹಾಕುವಾಗ ಕೈಯಲ್ಲಿ ಹಿಡಿದಿರುವ ೩೭೧-ಜೆ ಪ್ರಮಾಣಪತ್ರದ ಹಿಂದೆ ಮೂರು ವಾಚನಗಳೂ ಒಂದು ಸಮಿತಿಯೂ ಒಂದು ತಲೆಯೆಣಿಕೆಯೂ ಇವೆ ಎಂಬುದನ್ನು ಅವರಿಗೆ ತಿಳಿಸಿ ಹೇಳಬೇಕು.

ಮುಂಗಡಪತ್ರದ ಅಧಿವೇಶನದಲ್ಲಿ ಮಧ್ಯಾಹ್ನದ ಹೊತ್ತೆಲ್ಲ ಹಣಕಾಸಿನದು. ಸರಕಾರ ಒಂದೊಂದು ಖಾತೆಗೂ ಇಷ್ಟು ಹಣ ಬೇಕೆಂದು ಬೇಡಿಕೆ ಇಡುತ್ತದೆ. ಸದನ ಒಪ್ಪಿದ ಹೊರತು ಅದನ್ನು ಖರ್ಚು ಮಾಡುವಂತಿಲ್ಲ. ಇದರ ಮೇಲೆ ಸದಸ್ಯರು ಕಡಿತದ ಸೂಚನೆ ಕೊಡಬಹುದು. ಅದರಲ್ಲೊಂದು ಬಗೆ, ಬೇಡಿಕೆಯಿಂದ ೧೦೦ ರೂಪಾಯಿ ಕಡಿಮೆ ಮಾಡಿರಿ ಎಂಬುದು. ಕೋಟಿಗಳ ಲೆಕ್ಕದಲ್ಲಿ ೧೦೦ ರೂಪಾಯಿ ಯಾವ ಗಣನೆಗೆ? ಅದು ಹಣ ಉಳಿಸುವ ಉಪಾಯವಲ್ಲ. ಆ ೧೦೦ ರೂಪಾಯಿಯ ನೆಪದಲ್ಲಿ ತನ್ನ ಕ್ಷೇತ್ರದ ಒಂದು ಕುಂದುಕೊರತೆಯನ್ನು ಹೇಳಿಕೊಳ್ಳುವ ಉಪಾಯ. ಗೊತ್ತಾದ ದಿನಗಳು ಮುಗಿದಾಗ, ಚರ್ಚೆಗೆ ಬಾರದೆ ಉಳಿದ ಬೇಡಿಕೆಗಳನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕಿಬಿಡುತ್ತಾರೆ.

ರೈಲ್ವೆಯ ಮುಂಗಡಪತ್ರ ೧೯೨೪ರಿಂದ ಬೇರೆಯಾಗಿಯೇ ಇತ್ತು. ೨೦೧೭ರಿಂದ ಸಾಮಾನ್ಯ ಮುಂಗಡಪತ್ರದೊಳಗೆ ಸೇರಿಹೋಗಿದೆ. ಈ ವಿಷಯದಲ್ಲಿ ನಾವು ತಾಳ್ಮೆಯ ಪಾಠವನ್ನು ಚೆನ್ನಾಗಿಯೇ ಕಲಿತಿದ್ದೇವೆ. ಮುನಿರಾಬಾದಿನಿಂದ ಮಹಬೂಬನಗರಕ್ಕೆ ಹೋಗುವ ರೈಲುಮಾರ್ಗಕ್ಕೆ ಮಂಜೂರಾತಿ ದೊರೆತದ್ದು ೧೯೯೭-೯೮ರಲ್ಲಿ. ಅದರ ದಾರಿಯಲ್ಲಿರುವ ಗಂಗಾವತಿಗೆ ರೈಲು ಬಂದದ್ದು ೨೦೧೯ರಲ್ಲಿ. ಗದಗ-ವಾಡಿ ಮಾರ್ಗದಲ್ಲಿ ಕುಷ್ಟಗಿ ರೈಲನ್ನು ಕಂಡದ್ದು ೨೦೨೫ರ ಮೇ ತಿಂಗಳಲ್ಲಿ. ಮಂಜೂರಾತಿಯೆಂಬುದು ಬಿತ್ತನೆ ಮಾತ್ರ. ಅದಕ್ಕೆ ವರ್ಷ ವರ್ಷವೂ ಹಣವೆಂಬ ನೀರು ಹರಿಯಬೇಕು. ಹರಿಯಿತೆ ಇಲ್ಲವೆ ಎಂದು ವರ್ಷ ವರ್ಷವೂ ಕೇಳುವ ವೇಳೆಯೇ ಬೇಡಿಕೆಗಳ ಚರ್ಚೆ.

ಶುಕ್ರವಾರದ ಕೊನೆಯ ಎರಡೂವರೆ ಗಂಟೆ ಮಂತ್ರಿಗಳಲ್ಲದ ಸದಸ್ಯರಿಗೆ ಮೀಸಲು. ತಾವೇ ಮಸೂದೆಯನ್ನೋ ನಿರ್ಣಯವನ್ನೋ ತರಬಹುದು. ಈವರೆಗೆ ಹೀಗೆ ಬಂದ ಖಾಸಗಿ ಮಸೂದೆಗಳಲ್ಲಿ ಕಾಯಿದೆಯಾದವು ೧೪ ಮಾತ್ರ, ಕೊನೆಯದು ೧೯೭೦ರಲ್ಲಿ. ಆದರೂ ಈ ವೇಳೆ ವ್ಯರ್ಥವಲ್ಲ. ಇಂದು ಖಾಸಗಿಯಾಗಿ ಚರ್ಚೆಗೆ ಬಂದ ವಿಚಾರ ಮುಂದೊಂದು ದಿನ ಸರಕಾರದ ಮಸೂದೆಯಾಗಿ ಬರುವುದುಂಟು. ಸಂಜೆ ೬ ಗಂಟೆಗೆ ಸಭೆ ಸಾಮಾನ್ಯವಾಗಿ ಏಳುತ್ತದೆ. ಕೆಲಸ ಉಳಿದಿದ್ದರೆ ರಾತ್ರಿಯವರೆಗೆ ಬೆಳೆಯುವುದೂ ಉಂಟು. ಅಂದು ಆಡಿದ ಮಾತೆಲ್ಲ ಅಕ್ಷರಶಃ ಬರಹಕ್ಕಿಳಿದು ದಾಖಲೆಯಾಗುತ್ತದೆ. ಸಭಾಧ್ಯಕ್ಷರು ತೆಗೆದುಹಾಕೆಂದ ಮಾತು ಮಾತ್ರ ಉಳಿಯುವುದಿಲ್ಲ.

ಈಗ ಭಾಷೆಯ ಮಾತು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಅಚ್ಚಗನ್ನಡದ ಸೀಮೆಯನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳ ಜತೆಗೆ ನಮ್ಮ ಕೊಪಣ ನಗರವನ್ನೂ ಹೆಸರಿಸಿದೆ. ಅಂಥ ಕೊಪ್ಪಳದ ಪ್ರತಿನಿಧಿ ಲೋಕಸಭೆಯಲ್ಲಿ ತನ್ನ ಕನ್ನಡದಲ್ಲಿ ಮಾತಾಡಬಹುದೆ? ಸಂವಿಧಾನದ ೧೨೦ನೆಯ ವಿಧಿ ಸಂಸತ್ತಿನ ವ್ಯವಹಾರಕ್ಕೆ ಹಿಂದಿ, ಇಂಗ್ಲಿಷುಗಳನ್ನು ಹೇಳಿ, ಅವುಗಳಲ್ಲಿ ಚೆನ್ನಾಗಿ ಹೇಳಿಕೊಳ್ಳಲಾರದ ಸದಸ್ಯನಿಗೆ ಮಾತೃಭಾಷೆಯಲ್ಲಿ ಮಾತನಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದೆಂದಿದೆ. ೧೯೬೭ರಲ್ಲಿ ಶಿವಮೊಗ್ಗೆಯಿಂದ ಆರಿಸಿಹೋದ ಜೆ.ಎಚ್. ಪಟೇಲರು ಆ ಸಭೆಯಲ್ಲಿ ಕನ್ನಡದಲ್ಲಿಯೇ ಮಾತನಾಡಿ ಹೆಸರಾದರು. ಇಂದು ಕನ್ನಡದ ಮಾತನ್ನು ಆಗಿಂದಾಗಲೇ ಬೇರ್ಪಡಿಸಿ ಹೇಳುವ ಅನುವಾದಕರ ಏರ್ಪಾಡು ಅಲ್ಲಿದೆ. ಪ್ರಮಾಣವಚನವನ್ನು ಕನ್ನಡದಲ್ಲಿ ಸ್ವೀಕರಿಸುವ ಹಕ್ಕೂ ಇದೆ. ಆದುದರಿಂದ ಇಂಗ್ಲಿಷು ಬಾರದೆಂಬ ಕಾರಣಕ್ಕೆ ನಮ್ಮ ಪ್ರತಿನಿಧಿ ಸುಮ್ಮನೆ ಕೂಡಬೇಕಾಗಿಲ್ಲ. ನಾವೂ ಅದನ್ನೊಂದು ನೆಪವೆಂದು ಒಪ್ಪಬೇಕಾಗಿಲ್ಲ.

ಗದ್ದಲದ ಮಾತನ್ನೂ ಆಡದೆ ಬಿಡುವಂತಿಲ್ಲ. ಸಭಾಧ್ಯಕ್ಷರ ಪೀಠದ ಮುಂದಿನ ತಗ್ಗಾದ ಜಾಗಕ್ಕೆ ಸದನದ ಬಾವಿ ಎಂದು ಹೆಸರು. ಸಿಟ್ಟಾದ ಸದಸ್ಯರು ಆ ಬಾವಿಗಿಳಿದು ಘೋಷಣೆ ಕೂಗಿದಾಗ ಸಭೆಯನ್ನು ೧೨ಕ್ಕೆ, ಆಮೇಲೆ ೨ಕ್ಕೆ, ಆಮೇಲೆ ಮರುದಿನಕ್ಕೆ ಹಾಕುತ್ತಾರೆ. ಸರಕಾರ ಚರ್ಚೆಗೆ ಅವಕಾಶವನ್ನೇ ಕೊಡದಿದ್ದಾಗ ನಮಗೆ ಬೇರೆ ದಾರಿಯೇನೆಂದು ವಿರೋಧ ಪಕ್ಷದವರು ಕೇಳುತ್ತಾರೆ. ಅದರಲ್ಲಿಯೂ ಒಂದಷ್ಟು ಸತ್ಯವಿದೆ. ಇಂದು ಆ ಕಡೆ ಕುಳಿತು ಇದನ್ನು ಖಂಡಿಸುವವರು ನಾಳೆ ಈ ಕಡೆ ಬಂದಾಗ ತಾವೂ ಇದನ್ನೇ ಮಾಡುವುದನ್ನು ಕಂಡಿದ್ದೇವೆ. ತಪ್ಪು ಯಾವ ಪಕ್ಷದ್ದೇ ಇರಲಿ, ಹಾಳಾದ ಹೊತ್ತು ಮಾತ್ರ ನಮ್ಮದು. ಬಾವಿಯೆಂದರೆ ನೀರು ಸೇದುವ ಸ್ಥಳವೆಂದು ತಿಳಿದಿರುವ ಯಲಬುರ್ಗಾ ಕುಷ್ಟಗಿಯ ಬಯಲುನಾಡಿನ ನಮಗೆ, ದಿನಗಟ್ಟಲೆ ಇಳಿದರೂ ಒಂದು ಕೊಡ ನೀರು ಮೇಲೆ ಬಾರದ ಬಾವಿ ಸೋಜಿಗವೇ ಸರಿ.

ಹಾಗಾದರೆ ನಾವು ಮಾಡಬೇಕಾದುದೇನು? ಸದಸ್ಯರ ಮೂಲಕವಲ್ಲದೆ ಪ್ರಜೆಗಳಿಗೆ ತಮ್ಮದೇ ಆದ ಒಂದು ಬಾಗಿಲೂ ಇದೆ. ಲೋಕಸಭೆಗೆ ಯಾವ ಪ್ರಜೆಯೂ ಮನವಿ ಸಲ್ಲಿಸಬಹುದು. ಅದನ್ನು ಪರಿಶೀಲಿಸಲು ಮನವಿಗಳ ಸಮಿತಿಯೊಂದಿದೆ. ಮನವಿಯನ್ನು ಒಬ್ಬ ಸದಸ್ಯರು ಮೇಲುರುಜು ಮಾಡಿ ಸಭೆಗೆ ಒಪ್ಪಿಸಬೇಕು. ಕನ್ನಡದಲ್ಲಿ ಬರೆದದ್ದಾದರೆ ಅರ್ಜಿದಾರರ ರುಜು ಇರುವ ಹಿಂದಿ ಇಲ್ಲವೆ ಇಂಗ್ಲಿಷ್ ಅನುವಾದವನ್ನು ಜತೆಗಿಡಬೇಕು. ಪ್ರಶ್ನೆಗಳೂ ಅವುಗಳ ಉತ್ತರಗಳೂ ಲೋಕಸಭೆಯ ಜಾಲತಾಣದಲ್ಲಿ ಎಲ್ಲರಿಗೂ ದೊರೆಯುತ್ತವೆ. ನಮ್ಮ ಪ್ರತಿನಿಧಿ ಈ ಅಧಿವೇಶನದಲ್ಲಿ ಏನೇನು ಕೇಳಿದರು, ಏನೇನು ಉತ್ತರ ಬಂತು ಎಂಬುದನ್ನು ಹೈಸ್ಕೂಲಿನ ಹುಡುಗನೊಬ್ಬ ತೆಗೆದು ಓದಿ ಹೇಳಬಲ್ಲ. ಊರಿನ ವಾಚನಾಲಯದಲ್ಲಿ ಅಧಿವೇಶನಕ್ಕೊಮ್ಮೆ ಅದನ್ನು ಓದಿಸಿ ಕೇಳುವ ವಾಡಿಕೆ ಬಂದರೆ ಒಳ್ಳೆಯದು.

ಬಹುಮಂದಿ ತಮ್ಮ ಅಹವಾಲನ್ನು ಪ್ರತಿನಿಧಿಯ ಕೈಗೆ ಕೊಡುವುದು ಮದುವೆಯ ಚಪ್ಪರದಲ್ಲಿ, ಜಾತ್ರೆಯ ನೂಕುನುಗ್ಗಲಿನಲ್ಲಿ. ಅದೂ ಚುನಾವಣೆ ಹತ್ತಿರ ಬಂದಾಗ. ಆ ಕಾಗದ ಎಲ್ಲಿ ಹೋಯಿತೆಂಬುದು ಕೊಟ್ಟವರಿಗೂ ತಿಳಿಯದು, ಇಸಿದುಕೊಂಡವರಿಗೂ ನೆನಪಿರದು. ಅದರ ಬದಲು, ಅಧಿವೇಶನ ಇಂಥ ದಿನ ಕೂಡುತ್ತದೆಂಬ ಸುದ್ದಿ ರೇಡಿಯೋದಲ್ಲಿ ಬಂದ ದಿನವೇ ಕಾಗದ ಬರೆಯಬೇಕು. ಒಂದು ಕಾಗದದಲ್ಲಿ ಒಂದೇ ವಿಷಯವಿರಲಿ. ಅದು ಕೇಂದ್ರದ್ದೋ ರಾಜ್ಯದ್ದೋ ಎಂಬುದನ್ನು ಮೊದಲು ನೋಡಿಕೊಳ್ಳಿರಿ. ಯಾವ ಖಾತೆ, ಯಾವ ಊರು, ಎಂದಿನಿಂದ ಈ ತೊಂದರೆ ಎಂಬುದು ಸ್ಪಷ್ಟವಾಗಿರಲಿ. ಪ್ರಶ್ನೆಗೆ ೧೫ ದಿನಗಳ ಸೂಚನೆ ಬೇಕೆಂಬುದು ನೆನಪಿರಲಿ. ಕಾಗದದ ನಕಲೊಂದನ್ನು ಇಟ್ಟುಕೊಂಡು, ಅಧಿವೇಶನ ಮುಗಿದ ಮೇಲೆ, ನಮ್ಮ ಮಾತನ್ನು ಯಾವ ವೇಳೆಯಲ್ಲಿ ಎತ್ತಿದಿರಿ, ಏನು ಉತ್ತರ ಬಂತು ಎಂದು ಪ್ರತಿನಿಧಿಯನ್ನು ಕೇಳಿರಿ. ಅವರು ಮಂತ್ರಿಗಳಿಗೆ ಹಾಕಬೇಕಾದ ಉಪಪ್ರಶ್ನೆಯಂತೆ, ಅವರಿಗೆ ನಾವು ಹಾಕಬೇಕಾದ ಉಪಪ್ರಶ್ನೆ ಅದು.